ಹಳೆಯ ನಾದದ ಗಿಟಾರ್: ಬೀಟೆ, ವಾಲ್ವು ಮತ್ತು ತಾಮ್ರದ ತಂತಿಯ ವ್ಯವಹಾರ

ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಪೇಟೆಬೀದಿಗಳಲ್ಲಿ ಒಂದು ಕಾಲಕ್ಕೆ ರೇಡಿಯೊ ದುರಸ್ತಿಯ ಅಂಗಡಿಗಳು ಜನನಿಬಿಡವಾಗಿದ್ದವು. ಜಾತ್ರೆಯ ನಾಟಕ ಕಂಪನಿಗಳಿಗೂ ಟೂರಿಂಗ್ ಟಾಕೀಸುಗಳಿಗೂ ಬೇಕಾದ ಆಂಪ್ಲಿಫೈಯರುಗಳು ಗಾಜಿನ ವಾಲ್ವುಗಳ ಮೇಲೆಯೇ ನಡೆಯುತ್ತಿದ್ದವು. ಟ್ರಾನ್ಸಿಸ್ಟರ್ ಬಂದ ಮೇಲೆ ಆ ವಾಲ್ವುಗಳು ಗುಜರಿಯ ಪಾಲಾದವು. ಕೆಲವು ಕಡೆ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಉಳಿದುಕೊಂಡವು. ಇಂದು ಅದೇ ವಾಲ್ವುಗಳನ್ನು ವಿದೇಶಗಳ ಗಿಟಾರ್ ಹವ್ಯಾಸಿಗಳು ಹುಡುಕಿ ಕೊಳ್ಳುತ್ತಿದ್ದಾರೆ ಎಂಬುದು ಅನೇಕ ವರ್ತಕರಿಗೆ ತಿಳಿಯದ ಸಂಗತಿ. ಹಳೆಯ ಮಾದರಿಯ ವಿದ್ಯುತ್ ಗಿಟಾರ್ ಮತ್ತು ಅದರ ಆಂಪ್ಲಿಫೈಯರಿನ ಈ ಮಾರುಕಟ್ಟೆಗೆ ಕರ್ನಾಟಕದಿಂದ ಎರಡು ವಸ್ತುಗಳು ಬಹುಕಾಲದಿಂದ ಸಲ್ಲುತ್ತ ಬಂದಿವೆ. ಒಂದು, ಪಶ್ಚಿಮ ಘಟ್ಟದ ಬೀಟೆಮರ. ಮತ್ತೊಂದು, ಬೆಂಗಳೂರಿನ ಜಾಲಹಳ್ಳಿಯಲ್ಲಿ ತಯಾರಾದ ಬಿ.ಇ.ಎಲ್. ವಾಲ್ವು. ಇವೆರಡರ ಜೊತೆಗೆ ಸಣ್ಣ ಕೈಗಾರಿಕೆಗಳು ಸೇರಿಸಬಹುದಾದ ಮೂರನೆಯ ಕಸುಬೂ ಒಂದಿದೆ. ಅದು ತಾಮ್ರದ ತಂತಿ ಸುತ್ತುವುದು.

ಮಾರುಕಟ್ಟೆಯ ಹಿನ್ನೆಲೆ

ವಿದ್ಯುತ್ ಗಿಟಾರ್ ವ್ಯಾಪಾರಕ್ಕೆ ಬಂದದ್ದು 1930ರ ದಶಕದ ಆರಂಭದಲ್ಲಿ, ಅಮೆರಿಕದ ರಿಕನ್‌ಬ್ಯಾಕರ್ ಕಂಪನಿಯ ಮೂಲಕ. ಆದರೆ ಇಂದು ಹವ್ಯಾಸಿಗಳು ‘ವಿಂಟೇಜ್’ ಎಂದು ಕರೆಯುವುದು ಮುಖ್ಯವಾಗಿ 1950ರಿಂದ 1965ರವರೆಗಿನ ಅವಧಿಯ ವಾದ್ಯಗಳನ್ನು. ಲಿಯೋ ಫೆಂಡರ್ 1950ರಲ್ಲಿ ಗಟ್ಟಿ ಮರದ ಗಿಟಾರನ್ನು ಮಾರುಕಟ್ಟೆಗೆ ತಂದನು. ಅದು 1951ರಲ್ಲಿ ಟೆಲಿಕ್ಯಾಸ್ಟರ್ ಎಂಬ ಹೆಸರು ಪಡೆಯಿತು. ಗಿಬ್ಸನ್ ಕಂಪನಿಯ ಲೆಸ್ ಪಾಲ್ 1952ರಲ್ಲಿ, ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ 1954ರಲ್ಲಿ ಬಂದವು. 1965ರ ಜನವರಿಯಲ್ಲಿ ಫೆಂಡರ್ ಕಂಪನಿಯನ್ನು ಸಿ.ಬಿ.ಎಸ್. ಸಂಸ್ಥೆ 130 ಲಕ್ಷ ಡಾಲರಿಗೆ ಕೊಂಡಿತು. ಆ ನಂತರದ ಮಾಲಿನ ಗುಣಮಟ್ಟ ಇಳಿಯಿತೆಂಬ ನಂಬಿಕೆ ವಾದಕರಲ್ಲಿ ಬೇರೂರಿದ್ದರಿಂದ, ಅದಕ್ಕೂ ಹಿಂದಿನ ವಾದ್ಯಗಳ ಬೆಲೆ ಏರತೊಡಗಿತು. 1958ರಿಂದ 1960ರ ನಡುವೆ ತಯಾರಾದ ಸನ್‌ಬರ್ಸ್ಟ್ ಬಣ್ಣದ ಲೆಸ್ ಪಾಲ್ ಗಿಟಾರುಗಳ ಸಂಖ್ಯೆ ಎರಡು ಸಾವಿರಕ್ಕೂ ಕಡಿಮೆ. ಇಂದು ಅವುಗಳ ವ್ಯಾಪಾರ ಲಕ್ಷಾಂತರ ಡಾಲರುಗಳಲ್ಲಿ ನಡೆಯುತ್ತದೆ.

ಅಸಲಿ ಹಳೆಯ ವಾದ್ಯ ಎಲ್ಲರ ಕೈಗೆ ಎಟುಕುವಂತಹುದಲ್ಲವಾದ್ದರಿಂದ ‘ಹಳೆಯ ಮಾದರಿಯ ಹೊಸ ವಾದ್ಯ’ ಎಂಬ ಪ್ರತ್ಯೇಕ ವರ್ಗವೇ ಹುಟ್ಟಿಕೊಂಡಿತು. ಜಪಾನಿನಲ್ಲಿ 1982ರಿಂದ ತಯಾರಾದ ಸ್ಕ್ವೈಯರ್ ಗಿಟಾರುಗಳು ಈ ದಾರಿಯಲ್ಲಿ ಹೆಸರು ಮಾಡಿದವು. 1990ರ ದಶಕದ ನಡುವಿನಿಂದ, ಬಣ್ಣವನ್ನು ಉದ್ದೇಶಪೂರ್ವಕವಾಗಿ ಕೆರೆದು, ಲೋಹದ ಭಾಗಗಳಿಗೆ ಕಿಲುಬು ಹಿಡಿಸಿ ಮಾರುವ ಪದ್ಧತಿಯೂ ಬಂದಿತು. ಹೊಸ ಮಾಲನ್ನು ಹಳತು ಮಾಡಿ ಹೆಚ್ಚಿನ ಬೆಲೆಗೆ ಮಾರುವ ವ್ಯಾಪಾರ ಬೇರೆಡೆ ವಿರಳವೇ ಸರಿ. ಸಣ್ಣ ಉತ್ಪಾದಕನಿಗೆ ಅವಕಾಶವಿರುವುದು ಪೂರ್ಣ ಗಿಟಾರಿಗಿಂತ ಈ ವರ್ಗದ ಬಿಡಿಭಾಗಗಳಲ್ಲಿ.

ನಾದ ಹುಟ್ಟುವ ಬಗೆ

ಬಿಡಿಭಾಗ ಮಾಡಬೇಕಾದರೆ ಅದರ ಕೆಲಸ ತಿಳಿದಿರಬೇಕು. ಗಟ್ಟಿ ಮರದ ಗಿಟಾರಿಗೆ ತಂಬೂರಿಯ ಬುರುಡೆಯಂತಹ ಟೊಳ್ಳು ಇಲ್ಲ. ಉಕ್ಕಿನ ತಂತಿಯ ಕೆಳಗೆ ಆಯಸ್ಕಾಂತ, ಅದರ ಸುತ್ತ ತಾಮ್ರದ ತಂತಿಯ ಸುರುಳಿ ಇರುತ್ತದೆ. ಇದಕ್ಕೆ ಪಿಕಪ್ ಎಂದು ಹೆಸರು. ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಿ, ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ ಹುಟ್ಟುತ್ತದೆ. ಸೈಕಲ್ಲಿನ ಡೈನಮೋ ಕೆಲಸ ಮಾಡುವ ತತ್ತ್ವವೇ ಇದು. ಒಂದೇ ಸುರುಳಿಯ ಪಿಕಪ್ ಮೇನ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೇಥ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ ಆ ಗುಂಯ್‌ಗುಡುವಿಕೆಯನ್ನು ಅಡಗಿಸಿದನು. ಅದೇ ಹಂಬಕರ್, ಗಿಟಾರುಗಳಲ್ಲಿ ಅದು ಬಂದದ್ದು 1957ರಲ್ಲಿ.

ಪಿಕಪ್ಪಿನಿಂದ ಬಂದ ಕ್ಷೀಣ ವಿದ್ಯುತ್ತನ್ನು ಹಿಗ್ಗಿಸುವುದು ಆಂಪ್ಲಿಫೈಯರ್. ಸಭೆಯ ಧ್ವನಿವರ್ಧಕದಲ್ಲಿ ಶಬ್ದ ಒಡೆಯುವುದು ದೋಷ. ಗಿಟಾರ್ ಆಂಪ್ಲಿಫೈಯರಿನಲ್ಲಿ ಅದೇ ಗುಣ. ವಾಲ್ವು ತನ್ನ ಮಿತಿಯನ್ನು ಮುಟ್ಟಿದಾಗ ಧ್ವನಿಯನ್ನು ಥಟ್ಟನೆ ಕತ್ತರಿಸದೆ ಕ್ರಮೇಣ ಅಮುಕುತ್ತದೆ. ಹಾಗೆ ಅಮುಕಿದಾಗ ಮೂಲ ಸ್ವರಕ್ಕೆ ಹೊಸ ಉಪಸ್ವರಗಳು ಸೇರಿ ನಾದ ದಪ್ಪವಾಗುತ್ತದೆ. ವಾದಕನು ಮೀಟುವ ಬಲವನ್ನು ತಗ್ಗಿಸಿದರೆ, ಇಲ್ಲವೆ ಗಿಟಾರಿನ ವಾಲ್ಯೂಮ್ ಗುಂಡಿಯನ್ನು ತುಸು ಇಳಿಸಿದರೆ ನಾದ ಮತ್ತೆ ತಿಳಿಯಾಗುತ್ತದೆ. ಹಳೆಯ ಆಂಪ್ಲಿಫೈಯರುಗಳ ಆಕರ್ಷಣೆ ಇರುವುದು ಕೈಯ ಒತ್ತಡಕ್ಕೆ ಓಗೊಡುವ ಈ ಸ್ವಭಾವದಲ್ಲಿ. 1998ರಲ್ಲಿ ಬಂದ ಲೈನ್ 6 ಪಾಡ್ ಮೊದಲಾಗಿ ಅನೇಕ ಡಿಜಿಟಲ್ ಉಪಕರಣಗಳು ಇದನ್ನು ಅನುಕರಿಸುತ್ತಿವೆ, ಚೆನ್ನಾಗಿಯೇ ಅನುಕರಿಸುತ್ತಿವೆ. ಅಗ್ಗದ ಮಾರುಕಟ್ಟೆ ಅವುಗಳ ಕೈಸೇರಿದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ವಾಲ್ವನ್ನೇ ಬೇಡುವ ಗ್ರಾಹಕರು ಉಳಿದಿದ್ದಾರೆ, ಮತ್ತು ಅವರು ಬೆಲೆಗೆ ಹಿಂಜರಿಯುವವರಲ್ಲ.

ಜಾಲಹಳ್ಳಿಯ ವಾಲ್ವು

ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು 1954ರಲ್ಲಿ, ಸೇನೆಯ ಸಂಪರ್ಕ ಸಾಧನಗಳಿಗಾಗಿ. 1961ರಲ್ಲಿ ಅದು ರೇಡಿಯೊ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ದೇಶದ ಮನೆಮನೆಯ ರೇಡಿಯೊಗಳಿಗಾಗಿ ತಯಾರಾದ ಈ ವಾಲ್ವುಗಳಲ್ಲಿ ಇ.ಸಿ.ಸಿ. 83 ಮತ್ತು ಇ.ಎಲ್. 84 ಮಾದರಿಗಳು ಗಿಟಾರ್ ಆಂಪ್ಲಿಫೈಯರಿನ ಜೀವನಾಡಿಗಳು. ಮೊದಲನೆಯದು ಪಿಕಪ್ಪಿನ ಕ್ಷೀಣ ಧ್ವನಿಯನ್ನು ಮೊದಲ ಹಂತದಲ್ಲಿ ಹಿಗ್ಗಿಸುತ್ತದೆ; ಎರಡನೆಯದು ಸ್ಪೀಕರನ್ನು ನಡೆಸುವ ಶಕ್ತಿ ಕೊಡುತ್ತದೆ. ಇಂಗ್ಲೆಂಡಿನ ಪ್ರಸಿದ್ಧ ವಾಕ್ಸ್ ಎ.ಸಿ. 30 ಆಂಪ್ಲಿಫೈಯರಿನಲ್ಲಿ ಇ.ಎಲ್. 84 ವಾಲ್ವುಗಳು ನಾಲ್ಕು ಇರುತ್ತವೆ.

ಬಿ.ಇ.ಎಲ್. ಈ ವಾಲ್ವುಗಳ ತಯಾರಿಕೆಯನ್ನು ನಿಲ್ಲಿಸಿ ಬಹುಕಾಲವಾಯಿತು. ಯುರೋಪು, ಅಮೆರಿಕಗಳ ದೊಡ್ಡ ಕಾರ್ಖಾನೆಗಳೂ ಮುಚ್ಚಿದವು. ಗಿಟಾರಿಗೆ ಬೇಕಾದ ಹೊಸ ವಾಲ್ವುಗಳ ಬಹುಪಾಲು ಇಂದು ಬರುತ್ತಿರುವುದು ಸ್ಲೊವಾಕಿಯದ ಜೆ.ಜೆ. ಕಾರ್ಖಾನೆ, ರಷ್ಯಾದ ಸರಾತೋವ್ ಮತ್ತು ಚೀನಾದಿಂದ. 2022ರ ಮಾರ್ಚ್‌ನಲ್ಲಿ ರಷ್ಯಾ ರಫ್ತನ್ನು ತಡೆಹಿಡಿದಾಗ ಪ್ರಪಂಚದಾದ್ಯಂತ ಬೆಲೆಗಳು ಹಠಾತ್ತನೆ ಏರಿದವು. ಆ ತಡೆ ಸಡಿಲಗೊಂಡರೂ ಪೂರೈಕೆ ಬೆರಳೆಣಿಕೆಯ ಕಾರ್ಖಾನೆಗಳ ಮೇಲೆ ನಿಂತಿದೆ ಎಂಬ ಅರಿವು ಕೊಳ್ಳುವವರಲ್ಲಿ ಉಳಿಯಿತು. ಹಳೆಯ ದಾಸ್ತಾನಿಗೆ ಬೇಡಿಕೆ ಇರುವುದು ಇದರಿಂದ.

ಆದ್ದರಿಂದ ಹಳೆಯ ರೇಡಿಯೊ ಅಂಗಡಿಯ ಪೆಟ್ಟಿಗೆಯನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಡುವ ಮೊದಲು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ವಾಲ್ವಿನ ನೆತ್ತಿಯ ಒಳಭಾಗದಲ್ಲಿ ಕನ್ನಡಿಯಂತೆ ಹೊಳೆಯುವ ಲೇಪವಿರುತ್ತದೆ. ಅದು ಬಿಳಿಚಿದ್ದರೆ ಗಾಳಿ ಒಳಹೊಕ್ಕಿದೆ ಎಂದರ್ಥ. ಅಂತಹ ವಾಲ್ವಿಗೆ ಬೆಲೆಯಿಲ್ಲ. ಹೊಳಪಿದ್ದ ಮಾತ್ರಕ್ಕೆ ವಾಲ್ವು ಒಳ್ಳೆಯದೆಂದೂ ಹೇಳಲಾಗದು. ವಾಲ್ವ್ ಟೆಸ್ಟರಿನಲ್ಲಿ ಅಳೆದು, ಇ.ಎಲ್. 84 ಆದರೆ ಸಮಾನ ಅಳತೆಯವನ್ನು ಜೋಡಿ ಮಾಡಿ ಕೊಡುವವನಿಗೆ ಬಿಡಿಯಾಗಿ ಮಾರುವವನಿಗಿಂತ ಉತ್ತಮ ಬೆಲೆ ಸಿಗುತ್ತದೆ. ಮಾದರಿಯ ಅಂಕಿಗಳನ್ನು ತಪ್ಪದೆ ಓದಬೇಕು. ಇ.ಸಿ.ಸಿ. 82 ಮತ್ತು 83 ನೋಡಲು ಒಂದೇ, ಕಾಲುಗಳೂ ಒಂದೇ. ಆದರೆ 83ರ ವರ್ಧನಾಂಕ ಸುಮಾರು 100, 82ರದು ಅದರ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹಳೆಯ ಅಕ್ಷರಗಳನ್ನು ಅಳಿಸಿ ಬೇರೆ ಕಂಪನಿಯ ಹೆಸರು ಮುದ್ರಿಸಿ ಮಾರುವ ಮೋಸವೂ ಈ ವ್ಯಾಪಾರದಲ್ಲಿ ಇದೆ. ಕೊಳ್ಳುವವರು ಒಳಗಿನ ತಗಡುಗಳ ರಚನೆಯನ್ನು ನೋಡಿಯೇ ಗುರುತಿಸುವಷ್ಟು ಪಳಗಿದವರಾದ್ದರಿಂದ ಅಂತಹ ಮಾರಾಟ ಒಂದೇ ಸಲದ್ದು.

ಬಿ.ಇ.ಎಲ್. ಕೈಹಾಕಿದ್ದ ಜರ್ಮೇನಿಯಂ ಟ್ರಾನ್ಸಿಸ್ಟರಿನ ವರ್ಗಕ್ಕೂ ಹವ್ಯಾಸಿಗಳಿದ್ದಾರೆ. 1966ರ ಫಜ್ ಫೇಸ್‌ನಂತಹ ಕಾಲ್ಪೆಟ್ಟಿಗೆಗಳ ಕರಕರ ನಾದ ಜರ್ಮೇನಿಯಂನಿಂದ ಬಂದದ್ದು. ಅದು ಶಾಖಕ್ಕೆ ಬಹಳ ಸೂಕ್ಷ್ಮ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಅಳೆದ ಅಂಕಿ ಶೀತಪ್ರದೇಶದ ಗ್ರಾಹಕನ ಕೋಣೆಯಲ್ಲಿ ಬೇರೆಯಾಗಿಯೇ ತೋರುತ್ತದೆ. ಅಳೆದಾಗಿನ ಉಷ್ಣಾಂಶವನ್ನು ಚೀಟಿಯ ಮೇಲೆ ಬರೆದು ಕಳುಹಿಸಿದರೆ ತಕರಾರು ಬಾರದು.

ತಂತಿ ಸುತ್ತುವ ಕೈಗಳಿಗೆ ಹೊಸ ಕೆಲಸ

ತುಂಗಭದ್ರೆಯ ದಂಡೆಯ ಹಲವಾಗಲಿನ ಸೀಮೆಯಿಂದ ಕೂಡ್ಲಿಗಿಯ ಕೊಳವೆಬಾವಿಗಳವರೆಗೆ ಪಂಪ್‌ಸೆಟ್ ಇರುವ ಕಡೆಯಲ್ಲೆಲ್ಲ ಮೋಟಾರ್ ಸುತ್ತುವವರೂ ಇದ್ದಾರೆ. ಎನಾಮೆಲ್ ತಂತಿಯನ್ನು ಎಣಿಸಿ ಸುತ್ತುವುದು, ವಾರ್ನಿಷ್ ಕುಡಿಸುವುದು, ಶಾರ್ಟ್ ಪರೀಕ್ಷಿಸುವುದು ಇವರಿಗೆ ಕರಗತ. ಗಿಟಾರಿನ ಪಿಕಪ್ ಮತ್ತು ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಎರಡೂ ಇದೇ ಕಸುಬಿನ ಕವಲುಗಳು, ತಂತಿ ಮಾತ್ರ ಅತಿ ತೆಳು.

ಇಲ್ಲಿ ಒಂದು ಅಪಾಯವನ್ನು ಮೊದಲೇ ತಿಳಿದಿರಬೇಕು. ಅಮೆರಿಕದ ಗ್ರಾಹಕನು ‘42 ಗೇಜ್’ ತಂತಿ ಎಂದು ಬರೆದರೆ ಅದು ಅಮೆರಿಕನ್ ಗೇಜ್. ವ್ಯಾಸ ಸುಮಾರು 0.063 ಮಿ.ಮೀ. ಇಲ್ಲಿಯ ಅಂಗಡಿಗಳಲ್ಲಿ ಗೇಜ್ ಎಂದರೆ ಸಾಮಾನ್ಯವಾಗಿ ಬ್ರಿಟಿಷ್ ಎಸ್.ಡಬ್ಲ್ಯು.ಜಿ.; ಅದರ 42 ಎಂದರೆ 0.10 ಮಿ.ಮೀ. ಈ ತಂತಿಯ ಅಡ್ಡಛೇದ ಎರಡೂವರೆ ಪಟ್ಟು ಹೆಚ್ಚಾದ್ದರಿಂದ ಬೇಕಾದ ಸುತ್ತುಗಳು ಬಾಬಿನ್ನಿನಲ್ಲಿ ಹಿಡಿಯುವುದೇ ಇಲ್ಲ. ಅಮೆರಿಕದ 42ಕ್ಕೆ ಹತ್ತಿರವಾದದ್ದು ಎಸ್.ಡಬ್ಲ್ಯು.ಜಿ. 46. ಆರ್ಡರನ್ನು ಒಪ್ಪುವಾಗ ಗೇಜನ್ನು ಬಿಟ್ಟು ಮಿಲಿಮೀಟರಿನಲ್ಲಿಯೇ ಬರೆಸಿಕೊಂಡರೆ ಒಂದು ಲಾಟು ತಿರಸ್ಕೃತವಾಗುವುದು ತಪ್ಪುತ್ತದೆ.

ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಪಿಕಪ್ಪಿಗೆ ಸುಮಾರು 7,600ರಿಂದ 8,000 ಸುತ್ತುಗಳು ಬೇಕು. ಮೀಟರಿನಲ್ಲಿ ಅಳೆದರೆ ಸುಮಾರು 6 ಕಿಲೊ ಓಮ್ ತೋರುತ್ತದೆ. ಹಳೆಯ ಹಂಬಕರಿನ ಪ್ರತಿ ಸುರುಳಿಗೆ ಸುಮಾರು 5,000 ಸುತ್ತುಗಳು, ಎರಡೂ ಸೇರಿ ಏಳೂವರೆಯಿಂದ ಎಂಟು ಕಿಲೊ ಓಮ್. ಆ ಕಾಲದ ಸುತ್ತುವ ಯಂತ್ರಗಳ ಎಣಿಕೆ ನಿಖರವಾಗಿರಲಿಲ್ಲ. ತಂತಿಯನ್ನು ಕೈಯಿಂದಲೇ ಅತ್ತಿತ್ತ ನಡೆಸುತ್ತಿದ್ದುದರಿಂದ ಎರಡು ಪಿಕಪ್ಪುಗಳು ಒಂದೇ ರೀತಿ ಇರುತ್ತಿರಲಿಲ್ಲ. ಇಂದಿನ ಹವ್ಯಾಸಿ ಬಯಸುವುದು ಆ ಅಂಕುಡೊಂಕನ್ನೇ, ಅಂದರೆ ಯಂತ್ರದ ಸಮ ಪದರಗಳಿಗಿಂತ ಕೈಯ ಚದುರಿದ ಸುತ್ತನ್ನು. ಸುತ್ತಿದ ನಂತರ ಮೇಣದಲ್ಲಿ ಅದ್ದಬೇಕು. ಪ್ಯಾರಫಿನ್ ನಾಲ್ಕು ಭಾಗಕ್ಕೆ ಜೇನುಮೇಣ ಒಂದು ಭಾಗ, ಶಾಖ 65 ಡಿಗ್ರಿಯ ಆಸುಪಾಸು. ಮೇಣ ಕುಡಿಸದಿದ್ದರೆ ದೊಡ್ಡ ಧ್ವನಿಯಲ್ಲಿ ಸುರುಳಿಯೇ ಕಂಪಿಸಿ ಕೀರಲು ಶಬ್ದ ಬರುತ್ತದೆ. ಶಾಖ ಮೀರಿದರೆ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ.

ಟ್ರಾನ್ಸ್‌ಫಾರ್ಮರಿನ ವಿಷಯ ಬೇರೆ. ಹಳೆಯ ಅಮೆರಿಕನ್ ಆಂಪ್ಲಿಫೈಯರುಗಳು 60 ಹರ್ಟ್ಸ್ ವಿದ್ಯುತ್ತಿಗೆ ತಯಾರಾದವು. ಭಾರತದಲ್ಲಿರುವುದು 50 ಹರ್ಟ್ಸ್. ಬರಿಯ ಸ್ಟೆಪ್‌ಡೌನ್ ಹಾಕಿ 230 ವೋಲ್ಟನ್ನು 117ಕ್ಕೆ ಇಳಿಸಿದರೂ ಆವರ್ತನ ಬದಲಾಗದು. 60 ಹರ್ಟ್ಸ್‌ಗೆ ಬಿಗಿಯಾಗಿ ಲೆಕ್ಕಹಾಕಿದ ಕಬ್ಬಿಣದ ತಿರುಳು 50 ಹರ್ಟ್ಸ್‌ನಲ್ಲಿ ತುಂಬಿಹೋಗಿ ಬಿಸಿಯಾಗುತ್ತದೆ. ಹಳೆಯ ನಕ್ಷೆಯನ್ನು ಇಲ್ಲಿ ನಕಲು ಮಾಡುವವರು ತಿರುಳನ್ನೋ ಸುತ್ತುಗಳನ್ನೋ ಸುಮಾರು ಐದನೆಯ ಒಂದು ಭಾಗದಷ್ಟು ಹೆಚ್ಚಿಸಬೇಕು. ಸ್ಪೀಕರಿಗೆ ಜೋಡಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಪ್ರೈಮರಿ, ಸೆಕೆಂಡರಿ ಸುತ್ತುಗಳನ್ನು ಒಂದರ ಮೇಲೊಂದು ಪದರಪದರವಾಗಿ ಹೆಣೆಯಬೇಕು. ಸ್ಟೆಬಿಲೈಜರಿನಂತೆ ಒಂದನ್ನು ಪೂರ್ತಿ ಮುಗಿಸಿ ಇನ್ನೊಂದನ್ನು ಸುತ್ತಿದರೆ ಮೇಲಿನ ಸ್ವರಗಳು ಮಂಕಾಗುತ್ತವೆ. ಇ.ಎಲ್. 84ರ ಜೋಡಿಗೆ ಪ್ರೈಮರಿ ಕಡೆ ಸುಮಾರು 8 ಕಿಲೊ ಓಮ್ ಭಾರ, ಸ್ಪೀಕರ್ ಕಡೆ 8 ಓಮ್ ಎಂಬುದು ರೂಢಿಯ ಲೆಕ್ಕ.

ಜೀವದ ಮಾತೂ ಇದೆ. ವಾಲ್ವ್ ಆಂಪ್ಲಿಫೈಯರಿನ ಒಳಗೆ 300ರಿಂದ 450 ವೋಲ್ಟ್ ಡಿ.ಸಿ. ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರುಗಳಲ್ಲಿ ಅದು ನಿಂತಿರುತ್ತದೆ. ರೆಸಿಸ್ಟರಿನ ಮೂಲಕ ಇಳಿಸಿ, ಮೀಟರಿನಲ್ಲಿ ನೋಡಿ, ಆನಂತರವೇ ಕೈಯಿಡತಕ್ಕದ್ದು. ಮೋಟಾರ್ ಕೆಲಸದವರಿಗೆ ವಿದ್ಯುತ್ತಿನ ಭಯವಿಲ್ಲ ಎಂಬುದೇ ಇಲ್ಲಿ ಹೆಚ್ಚಿನ ಅಪಾಯ.

ಬೀಟೆ ಮತ್ತು ಕಾಗದಪತ್ರ

ಗಿಟಾರಿನ ಕುತ್ತಿಗೆಯ ಮೇಲೆ, ಮೆಟ್ಟಿಲುಗಳನ್ನು ಬಡಿಯುವ ಹಲಗೆಗೆ ಫಿಂಗರ್‌ಬೋರ್ಡ್ ಎನ್ನುತ್ತಾರೆ. ಮೊದಲು ಇದಕ್ಕೆ ಬ್ರೆಜಿಲ್ಲಿನ ರೋಸ್‌ವುಡ್ ಬಳಕೆಯಲ್ಲಿತ್ತು. 1960ರ ದಶಕದ ಕೊನೆಗೆ ಬ್ರೆಜಿಲ್ ದಿಮ್ಮಿಗಳ ರಫ್ತನ್ನು ನಿಲ್ಲಿಸಿದಾಗ ತಯಾರಕರು ಭಾರತದ ಬೀಟೆಯ ಕಡೆ ತಿರುಗಿದರು. ಪ್ರಸಿದ್ಧ ಮಾರ್ಟಿನ್ ಕಂಪನಿ 1969ರಲ್ಲಿ ಬೀಟೆಗೆ ಬದಲಾಯಿತು. ಅಂದಿನಿಂದ ಕರ್ನಾಟಕ, ಕೇರಳ, ತಮಿಳುನಾಡುಗಳ ಬೀಟೆ ಪ್ರಪಂಚದ ಗಿಟಾರುಗಳಲ್ಲಿ ನಾದಗೈಯುತ್ತಿದೆ. ವೀಣೆಯ ತಯಾರಕರಿಗೂ ಮೈಸೂರಿನ ಕೆತ್ತನೆಯವರಿಗೂ ಪ್ರಿಯವಾದ ಮರವೇ ಇದು. ಬಿಗಿಯಾದ ಎಳೆ, ಎಣ್ಣೆಯ ಅಂಶ, ಉಕ್ಕಿನ ತಂತಿಯ ಉಜ್ಜಾಟಕ್ಕೆ ಸವೆಯದ ಗಟ್ಟಿತನ ಇದರ ಗುಣಗಳು.

ಬೀಟೆಯಲ್ಲಿ ಲಾಭವಿದೆ, ತೊಡಕೂ ಅಷ್ಟೇ ಇದೆ. ರಾಜ್ಯದಲ್ಲಿ 1976ರ ಮರಗಳ ಸಂರಕ್ಷಣಾ ಅಧಿನಿಯಮದ ಪ್ರಕಾರ ಸ್ವಂತ ಜಮೀನಿನ ಬೀಟೆಯನ್ನು ಕಡಿಯಲೂ ಅನುಮತಿ ಬೇಕು, ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕು. ದಾಂಡೇಲಿಯಂತಹ ಇಲಾಖೆಯ ಡಿಪೋಗಳ ಹರಾಜಿನಲ್ಲಿ ಕೊಂಡ ಮಾಲೇ ಕಾಗದದ ದೃಷ್ಟಿಯಿಂದ ನಿರಾತಂಕವಾದದ್ದು. ರಫ್ತಿನ ನೀತಿ ಮತ್ತೊಂದು ಬಾಗಿಲು: ದಿಮ್ಮಿ, ಕೊಯ್ದ ಹಲಗೆ, ಸಿದ್ಧ ವಸ್ತು ಈ ಮೂರಕ್ಕೂ ಬೇರೆ ಬೇರೆ ನಿಯಮಗಳು.

ಈ ಬಾಗಿಲಲ್ಲಿ ಎಡವಿದರೆ ಏನಾಗುತ್ತದೆ ಎಂಬುದಕ್ಕೆ 2011ರ ಗಿಬ್ಸನ್ ಪ್ರಕರಣ ಸಾಕ್ಷಿ. ಆ ವರ್ಷದ ಆಗಸ್ಟ್ 24ರಂದು ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಂಪನಿಯ ನ್ಯಾಶ್‌ವಿಲ್ ಮತ್ತು ಮೆಂಫಿಸ್ ಕಾರ್ಖಾನೆಗಳಿಗೆ ದಾಳಿಯಿಟ್ಟು, ಭಾರತದಿಂದ ಹೋಗಿದ್ದ ಬೀಟೆ ಮತ್ತು ಕರಿಮರದ ಫಿಂಗರ್‌ಬೋರ್ಡ್ ಹಲಗೆಗಳನ್ನು ವಶಪಡಿಸಿಕೊಂಡರು. ಮರ ಕಳ್ಳಮಾಲು ಎಂಬುದು ವಿವಾದವಾಗಿರಲಿಲ್ಲ. ಮಾಲು ಯಾವ ಶೀರ್ಷಿಕೆಗೆ ಸೇರುತ್ತದೆ ಎಂಬುದಾಗಿತ್ತು. ಸುಂಕದ ಪಟ್ಟಿಯಲ್ಲಿ 6 ಮಿ.ಮೀ.ಗಿಂತ ದಪ್ಪನಾದ ಕೊಯ್ದ ಮರಕ್ಕೆ 4407, ಅದಕ್ಕಿಂತ ತೆಳುವಾದ ಪದರಕ್ಕೆ 4408, ವಾದ್ಯದ ಬಿಡಿಭಾಗಕ್ಕೆ 9209. ಫಿಂಗರ್‌ಬೋರ್ಡ್ ಹಲಗೆಯ ದಪ್ಪ ಸುಮಾರು 9ರಿಂದ 10 ಮಿ.ಮೀ. ಅದು ಹಲಗೆಯೋ ವಾದ್ಯದ ಭಾಗವೋ? ಭಾರತದ ಕಾನೂನಿಗೆ ವಿರುದ್ಧವಾಗಿ ಹೊರಟ ಮರವನ್ನು ಕೊಂಡರೂ ಅಪರಾಧವೆನ್ನುವ ಲೇಸಿ ಕಾಯಿದೆ ಅಮೆರಿಕದಲ್ಲಿ ಇರುವುದರಿಂದ ಈ ಪ್ರಶ್ನೆಗೆ ಅಷ್ಟು ತೂಕ ಬಂದಿತು. 2012ರ ಆಗಸ್ಟ್‌ನಲ್ಲಿ ಗಿಬ್ಸನ್ 3 ಲಕ್ಷ ಡಾಲರ್ ದಂಡ ಮತ್ತು ಸಂರಕ್ಷಣಾ ನಿಧಿಗೆ 50 ಸಾವಿರ ಡಾಲರ್ ಕೊಟ್ಟು ರಾಜಿಯಾಯಿತು. ಆ ದಂಡ ಮಡಗಾಸ್ಕರಿನ ಕರಿಮರಕ್ಕೆ ಸಂಬಂಧಿಸಿದ್ದು, ಭಾರತದ ಮಾಲು ಹಿಂದಿರುಗಿತು. ಆದರೆ ವರ್ಷದ ಮಟ್ಟಿಗೆ ಮಾಲು ನಿಂತಿತ್ತು. ದೊಡ್ಡ ಕಂಪನಿ ತಾಳಿಕೊಂಡಿತು. ಅಂತಹ ಒಂದು ಕಂಟೇನರ್ ಸಿಕ್ಕಿಕೊಂಡರೆ ಸಣ್ಣ ರಫ್ತುದಾರನ ಬಂಡವಾಳ ಅಷ್ಟೂ ಅದರಲ್ಲಿರುತ್ತದೆ. ಎರಡೂ ದೇಶಗಳ ಕಾಗದಗಳಲ್ಲಿ ಒಂದೇ ಶೀರ್ಷಿಕೆ, ಒಂದೇ ದಪ್ಪ, ಒಂದೇ ಮರದ ಹೆಸರು ಇರುವಂತೆ ಮೊದಲೇ ಏಜೆಂಟರೊಡನೆ ತಾಳೆ ನೋಡುವುದು ಅಗತ್ಯ.

ಇದರ ಮೇಲೆ ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ, ಅಂದರೆ ಸೈಟಿಸ್ ಇದೆ. 2017ರ ಜನವರಿ 2ರಿಂದ ಬೀಟೆ, ಶೀಶಮ್ ಸೇರಿದಂತೆ ಡಾಲ್ಬರ್ಜಿಯಾ ಕುಲದ ಬಹುತೇಕ ಎಲ್ಲ ಮರಗಳು ಅದರ ಎರಡನೆಯ ಅನುಬಂಧಕ್ಕೆ ಸೇರಿದವು. ಸಿದ್ಧ ಗಿಟಾರ್ ಗಡಿ ದಾಟಲೂ ಪರವಾನಗಿ ಬೇಕಾಗಿ, ಫೆಂಡರ್ ತನ್ನ ಮೆಕ್ಸಿಕೊ ಕಾರ್ಖಾನೆಯ ಅನೇಕ ಮಾದರಿಗಳಲ್ಲಿ ಬೀಟೆಯನ್ನು ಕೈಬಿಟ್ಟು ದಕ್ಷಿಣ ಅಮೆರಿಕದ ಪಾವ್ ಫೆರೊ ಮರವನ್ನು ಬಳಸತೊಡಗಿತು. ಜಿನೀವಾ ಸಮ್ಮೇಳನದ ತೀರ್ಮಾನದಂತೆ 2019ರ ನವೆಂಬರ್ 26ರಿಂದ ಸಿದ್ಧ ವಾದ್ಯ, ಅದರ ಸಿದ್ಧ ಭಾಗ ಮತ್ತು ಪರಿಕರಗಳಿಗೆ ವಿನಾಯಿತಿ ದೊರೆಯಿತು. ಹಲಗೆಗೆ ಇಲ್ಲ. ಇಲ್ಲಿಯೂ ಪ್ರಶ್ನೆ ಹಳೆಯದೇ: ಎಲ್ಲಿಯವರೆಗೆ ಅದು ಹಲಗೆ, ಎಲ್ಲಿಂದ ಅದು ವಾದ್ಯದ ಭಾಗ? ಮೆಟ್ಟಿಲಿನ ಸೀಳು ಕೊಯ್ದು, ಬಾಗು ಕೊಟ್ಟು ಮುಗಿಸಿದ ಫಿಂಗರ್‌ಬೋರ್ಡ್ ಕಳುಹಿಸುವುದು ಕಾಗದಕ್ಕೂ ಲಾಭಕ್ಕೂ ಅನುಕೂಲ. ಕರಕುಶಲ ವಸ್ತುಗಳ ರಫ್ತು ಉತ್ತೇಜನ ಮಂಡಳಿ ನೀಡುವ ‘ವೃಕ್ಷ’ ಪ್ರಮಾಣಪತ್ರವು ಡಾಲ್ಬರ್ಜಿಯಾದ ಕರಕುಶಲ ಮಾಲಿಗೆ ಸೈಟಿಸ್‌ಗೆ ಸಮಾನವಾದ ದಾಖಲೆಯಾಗಿ ಬಳಕೆಗೆ ಬಂದಿದೆ. ಹರಾಜಿನ ರಸೀದಿಯಿಂದ ಮೊದಲ್ಗೊಂಡು ಮರದ ಸರಪಳಿ ತೋರಿಸಬಲ್ಲವರಿಗೆ ಮಾತ್ರ ಅದು ಸುಲಭ.

ವಾದಕನ ಬೆರಳು ಕೇಳುವುದೇನು

ಗಿಟಾರ್ ಮಾರುವ ಅಂಗಡಿಯವನಿಗೆ ನುಡಿಸುವ ಬಗೆಯ ಅರಿವು ತುಸುವಾದರೂ ಇದ್ದರೆ ಯಾವ ಮಾಲು ಏಕೆ ಬೇಕೆಂಬುದು ತಿಳಿಯುತ್ತದೆ. ಈ ಶೈಲಿಯ ಮುಖ್ಯ ಕೌಶಲ ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರವನ್ನು ಏರಿಸುವುದು; ವೈಣಿಕರಿಗೆ ಇದು ಹೊಸತಲ್ಲ. ಒಂದು ಪೂರ್ಣ ಸ್ವರ, ಅಂದರೆ ಷಡ್ಜದಿಂದ ಚತುಶ್ರುತಿ ರಿಷಭದವರೆಗೆ ಎಳೆಯಲು ತಂತಿಯ ಬಿಗುವು ಸುಮಾರು ನಾಲ್ಕನೆಯ ಒಂದು ಭಾಗ ಹೆಚ್ಚಬೇಕು. ಆದ್ದರಿಂದಲೇ ತೆಳು ತಂತಿಗೆ ಬೇಡಿಕೆ. ಫೆಂಡರ್ ಮಾದರಿಯ ತಂತಿಯ ಉದ್ದ 25.5 ಅಂಗುಲ, ಗಿಬ್ಸನ್‌ನದು 24.75, ಒಂದೇ ದಪ್ಪದ ತಂತಿ ಎರಡನೆಯದರಲ್ಲಿ ಶೇ. 6ರಷ್ಟು ಸಡಿಲವಾಗಿರುತ್ತದೆ, ಬೆರಳಿಗೆ ಅದು ಕೂಡಲೇ ತಿಳಿಯುತ್ತದೆ. ಕರ್ನಾಟಕ ಸಂಗೀತವನ್ನು ವಿದ್ಯುತ್ ಗಿಟಾರಿನಲ್ಲಿ ನುಡಿಸುವ ಆರ್. ಪ್ರಸನ್ನ, ವಿದ್ಯುತ್ ಮ್ಯಾಂಡೊಲಿನ್ ನುಡಿಸಿದ ಯು. ಶ್ರೀನಿವಾಸ್ ಇವರು ಗಮಕಗಳನ್ನು ಹೊರಡಿಸಿದ್ದು ಉಕ್ಕಿನ ತಂತಿಯ ಮೇಲೆಯೇ. ಲೋಹದ ದಂಡದಿಂದ ಜಾರಿಸಿ ನುಡಿಸುವ ಹವಾಯಿಯನ್ ಗಿಟಾರಿಗೆ ಇದಕ್ಕೆ ತದ್ವಿರುದ್ಧವಾಗಿ ದಪ್ಪ ತಂತಿ, ಎತ್ತರದ ಬ್ರಿಡ್ಜ್ ಬೇಕು. ಒಂದಕ್ಕೆ ಇನ್ನೊಂದರ ತಂತಿ ಕೊಟ್ಟರೆ ಗ್ರಾಹಕ ಮರುದಿನವೇ ಹಿಂದಿರುಗುತ್ತಾನೆ.

ರಸಮಂಜರಿ ತಂಡಗಳಿಗೆ ಬೇಕಾದದ್ದು ತಿಳಿಯಾದ, ದೊಡ್ಡ ಧ್ವನಿ. ಮನೆಯ ಹವ್ಯಾಸಿಗೆ ಬೇಕಾದದ್ದು ಒಡೆದ ಧ್ವನಿ, ಆದರೆ ನೆರೆಯವರು ಬೈಯದಷ್ಟು ಸಣ್ಣದು. ವಾಲ್ವು ಒಡೆಯಬೇಕಾದರೆ ಅದನ್ನು ಮಿತಿಗೆ ಮುಟ್ಟಿಸಬೇಕು; 30 ವಾಟ್‌ನ ಆಂಪ್ಲಿಫೈಯರನ್ನು ಕೋಣೆಯಲ್ಲಿ ಮಿತಿಗೆ ಮುಟ್ಟಿಸಿದರೆ ಗೋಡೆ ನಡುಗುತ್ತದೆ. ಒಂದೇ ಇ.ಎಲ್. 84 ಇರುವ, ಐದು ವಾಟ್ ಮೀರದ ಸಣ್ಣ ಆಂಪ್ಲಿಫೈಯರಿಗೆ ಹವ್ಯಾಸಿಗಳಲ್ಲಿ ಆದರವಿರುವುದು ಈ ಕಾರಣದಿಂದ, ಮತ್ತು ಹೊಸದಾಗಿ ಕೈಹಾಕುವವರಿಗೆ ಅದೇ ಸರಳವಾದ ಆರಂಭ.

ಹೆಸರು ಮತ್ತು ಆಕಾರ

ಹಳೆಯ ಮಾದರಿ ಮಾಡುವವರು ಎಷ್ಟರ ಮಟ್ಟಿಗೆ ನಕಲು ಮಾಡಬಹುದು? 2009ರ ಮಾರ್ಚ್‌ನಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮೇಲ್ಮನವಿ ಮಂಡಳಿ, ಸ್ಟ್ರಾಟೊಕ್ಯಾಸ್ಟರ್ ಮೊದಲಾದ ಗಿಟಾರುಗಳ ಒಡಲಿನ ಆಕಾರವನ್ನು ಫೆಂಡರ್ ತನ್ನ ಮುದ್ರೆಯೆಂದು ನೋಂದಾಯಿಸಲು ಅವಕಾಶ ಕೊಡಲಿಲ್ಲ. ದಶಕಗಳಿಂದ ಎಲ್ಲರೂ ಬಳಸಿದ ಆಕಾರವೆಂಬುದು ಅದರ ಕಾರಣ. ಆದರೆ ಕುತ್ತಿಗೆಯ ತುದಿಯ ತಲೆಹಲಗೆಯ ಆಕಾರ ಮತ್ತು ಹೆಸರುಗಳು ಬೇರೆ ಮಾತು, ಅವು ಸಂರಕ್ಷಿತ. ಗಿಬ್ಸನ್ ತನ್ನ ಆಕಾರಗಳಿಗಾಗಿ ವರ್ಷಾನುಗಟ್ಟಲೆ ವ್ಯಾಜ್ಯ ನಡೆಸಿದೆ. ಬಿಡಿಭಾಗ ಮಾರುವವರು ‘ಇಂಥ ಮಾದರಿಗೆ ಹೊಂದುವ ಪಿಕಪ್’ ಎಂದು ವಿವರಿಸಬಹುದೇ ಹೊರತು ಡಬ್ಬಿಯ ಮೇಲೆ ಆ ಕಂಪನಿಯ ಅಕ್ಷರಗಳನ್ನು ಮುದ್ರಿಸಬಾರದು.

ಕೊನೆಯದಾಗಿ ಹವೆಯ ವಿಷಯ. ಮಲೆನಾಡಿನ ಡಿಪೋದಿಂದ ತಂದ ಬೀಟೆಯನ್ನು ಈ ಬಯಲುಸೀಮೆಯ ಒಣ ಗಾಳಿಯಲ್ಲಿ ಕೂಡಲೇ ಕೊಯ್ದರೆ ಅದು ಸೀಳುತ್ತದೆ. ಅರೆ ಒಣಗಿದಾಗ ಮೆಟ್ಟಿಲು ಬಡಿದರೆ ಮರ ಕುಗ್ಗಿ ಮೆಟ್ಟಿಲಿನ ತುದಿಗಳು ಅಂಚಿನಿಂದ ಹೊರಚಾಚಿ ವಾದಕನ ಅಂಗೈಯನ್ನು ಗೀರುತ್ತವೆ. ಹಲಗೆಯ ತುದಿಗಳಿಗೆ ಮೇಣ ಬಳಿದು, ನಡುವೆ ಪಟ್ಟಿ ಕೊಟ್ಟು, ನೆರಳಿನಲ್ಲಿ ತಿಂಗಳುಗಟ್ಟಲೆ ಅಟ್ಟಿಯಿಟ್ಟು, ತೇವಾಂಶ ಶೇ. 8ರ ಆಸುಪಾಸಿಗೆ ಇಳಿದಿರುವುದನ್ನು ಮೀಟರಿನಲ್ಲಿ ಕಂಡ ಮೇಲೆಯೇ ಸೀಳು ಕೊಯ್ಯಬೇಕು.